ಬಡಾವಣೆಯ ಹೆಸರು ನೋಡಿ ಅಡ್ವಾನ್ಸ್ ಕೊಡಬೇಡಿ: ತುಮಕೂರಿನಲ್ಲಿ ಮನೆ ಹುಡುಕುತ್ತಿರುವವರಿಗೆ

ನಾನು ಪತ್ರ ಬರಹಗಾರ್ತಿ. ತುಮಕೂರಿನ ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಒಂದು ಕಂಪ್ಯೂಟರು, ಒಂದು ಪ್ರಿಂಟರು, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು ಕ್ರಯಪತ್ರ, ಕರಾರು, ದಾನಪತ್ರ, ವಿಭಾಗಪತ್ರ ಬರೆದುಕೊಡುತ್ತೇನೆ. ಸರ್ವರ್ ಕೈಕೊಟ್ಟ ದಿನ ಕೊಳ್ಳುವವರೂ ಮಾರುವವರೂ ಮಧ್ಯಾಹ್ನದವರೆಗೆ ಅದೇ ನಾಲ್ಕು ಕುರ್ಚಿಯಲ್ಲಿ ಕೂತಿರಬೇಕು. ಕಾಫಿ ಬರುತ್ತೆ, ಮಾತು ಹೊರಡುತ್ತೆ. ಮನೆ ಯಾಕೆ ತಗೊಂಡಿರಿ, ಯಾಕೆ ಮಾರ್ತಿದ್ದೀರಿ ಅನ್ನೋದು ನನಗೆ ಗೊತ್ತಾಗೋದು ಹೀಗೆ.

ಕೊಳ್ಳುವವರನ್ನು ಕೇಳಿದರೆ ಉತ್ತರ ಮೂರೋ ನಾಲ್ಕೋ. ಒಳ್ಳೇ ಏರಿಯಾ ಮೇಡಂ. ಮುಂದೆ ಬೆಳೆಯುತ್ತೆ. ನಮ್ಮ ಅಕ್ಕನ ಮನೆ ಅಲ್ಲೇ ಇದೆ. ಬಜೆಟ್ಟಿಗೆ ಇಷ್ಟೇ ಸಿಕ್ಕಿದ್ದು. ಮಾರುವವರ ಕಾರಣಗಳು ಈ ಜಾತಿಯವೇ ಅಲ್ಲ. ವಾರವಾದರೂ ನಲ್ಲಿ ನೀರು ಬರಲ್ಲ. ಮಳೆ ಬಂದರೆ ಮನೆ ಮುಂದೆ ಮೊಣಕಾಲುದ್ದ ನೀರು. ಅಮ್ಮ ಒಬ್ಬರೇ ಇರ್ತಾರೆ, ಮಾತಾಡಿಸೋರು ದಿಕ್ಕಿಲ್ಲ. ಮಗಳು ಟ್ಯೂಷನ್ ಮುಗಿಸಿ ಬರೋ ದಾರಿಯಲ್ಲಿ ಬೀದಿದೀಪ ಇಲ್ಲ. ಗಮನಿಸಿ ನೋಡಿ, ಬಡಾವಣೆ ಸರಿಯಿಲ್ಲ ಅಂತ ಮಾರುವವರನ್ನ ನಾನು ಕಂಡಿದ್ದು ಅಪರೂಪ. ಬೀದಿ ಸರಿಯಿಲ್ಲ ಅಂತಲೇ ಮಾರೋದು. ಅದನ್ನ ಹೇಳುವವರೂ ಹೆಚ್ಚಾಗಿ ಹಗಲೆಲ್ಲ ಆ ಮನೆಯಲ್ಲಿ ಇರುವವರೇ, ಬೆಳಗ್ಗೆ ಏಳಕ್ಕೆ ಬೆಂಗಳೂರಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವರಲ್ಲ. ಹಾಗಾಗಿ ಮನೆ ಹುಡುಕುವ ಕೆಲಸ ಬ್ರೋಕರ್ ನಂಬರಿನಿಂದ ಶುರುವಾಗಬಾರದು.

ಹಗಲು ಮನೆಯಲ್ಲಿ ಇರುವವರು ಯಾರು?

ಪೀಣ್ಯದಲ್ಲಿ ಕೆಲಸ ಮಾಡುವ ಒಬ್ಬರು ಬಟವಾಡಿ ಕಡೆ ಮನೆ ನೋಡಿಕೊಂಡು ಕರಾರು ಬರೆಸಲು ಬಂದಿದ್ದರು. ಅವರ ಲೆಕ್ಕ ತಪ್ಪೇನಲ್ಲ. ಹೈವೇ ಹತ್ತಿರ, ಊರೊಳಗೆ ಬರದೆ ಬೈಪಾಸಿನಲ್ಲೇ ಹೋಗುವ ಬಸ್ಸು ಅಲ್ಲೇ ಹಿಡಿಯಬಹುದು, ಟೌನಿನ ಟ್ರಾಫಿಕ್ ತಪ್ಪುತ್ತೆ. ಜೊತೆಗೆ ಹೆಂಡತಿ ಮತ್ತು ಅಪ್ಪ ಬಂದಿದ್ದರು. ಇ.ಸಿ. (ಆಸ್ತಿಯ ಮೇಲೆ ಆಗಿರುವ ಮಾರಾಟ, ಸಾಲಗಳ ಪಟ್ಟಿ) ಪ್ರಿಂಟಿಗೆ ಕಾಯುವಾಗ ಆಕೆ ಮೆಲ್ಲಗೆ, "ಮಾವ, ನಿಮ್ಮ ಬಿಪಿ ಮಾತ್ರೆ ಮುಗಿದರೆ ಅಲ್ಲಿಂದ ಯಾರು ಹೋಗಿ ತರೋದು? ನನಗೆ ಸ್ಕೂಟರ್ ಬರಲ್ಲ" ಅಂದರು. ಯಜಮಾನರು ಕಾಫಿ ಲೋಟ ಕೆಳಗಿಟ್ಟು, "ನನ್ನನ್ನ ಎಲ್ಲಿ ಕೇಳಿದನಮ್ಮ ಅವನು? ಸಂಜೆ ಹೊತ್ತು ನಾನು ಯಾರ ಜೊತೆ ಕೂರಲಿ ಅಲ್ಲಿ?" ಅಂದುಬಿಟ್ಟರು. ಮಗ ಮುಖ ಮುಖ ನೋಡಿದ. ಅವತ್ತು ಕರಾರು ಬರೆಯಲಿಲ್ಲ. ಆಮೇಲೆ ಅವರು ತಗೊಂಡಿದ್ದು ಅಶೋಕನಗರದ ಒಂದು ಅಡ್ಡರಸ್ತೆಯಲ್ಲಿ ಹಳೇ ಮನೆ. ಗಾರೆ ನೆಲ, ಅಡುಗೆಮನೆ ಚಿಕ್ಕದು, ದುಡ್ಡು ಜಾಸ್ತಿ. ಮಗ ಈಗ ಬಸ್ಸು ಬಿಟ್ಟು ರೈಲು ಹಿಡಿದಿದ್ದಾನೆ, ಸ್ಟೇಷನ್ನಿಗೆ ನಡೆದು ಹೋಗ್ತಾನೆ. ಯಜಮಾನರಿಗೆ ಔಷಧಿ ಅಂಗಡಿ, ಕೂರೋಕೆ ಕಟ್ಟೆ ಎರಡೂ ಸಿಕ್ಕಿವೆ.

ನೀವು ಮಾಡಬೇಕಾದ್ದು ಇಷ್ಟೇ. ಒಂದು ಹಾಳೆ ತಗೊಂಡು ಮನೆಯ ಒಬ್ಬೊಬ್ಬರ ಹೆಸರಿನ ಕೆಳಗೆ ಅವರು ದಿನಾ ಹೋಗುವ ಜಾಗ, ಹೋಗುವ ಹೊತ್ತು, ಹೋಗುವ ಬಗೆ ಬರೆಯಿರಿ. ನಡಿಗೆಯೋ, ಸ್ಕೂಟರೋ, ಬಸ್ಸೋ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗುವ ಜಾಗಗಳನ್ನ ಇದರಲ್ಲಿ ಸೇರಿಸಬೇಡಿ. ಮಾಲ್ ಹತ್ತಿರ, ಹೋಟೆಲ್ ಹತ್ತಿರ ಅನ್ನೋದೆಲ್ಲ ಆ ಲೆಕ್ಕದವು. (ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಷ್ಟೇ ಚೆನ್ನಾಗಿರಲಿ, ಅದಕ್ಕಾಗಿ ಯಾರೂ ಸೈಟು ತಗೋಬೇಕಾಗಿಲ್ಲ.) ಹಾಳೆಯಲ್ಲಿ ಮನೆಯ ಹೆಂಗಸರ, ವಯಸ್ಸಾದವರ ಸಾಲು ಖಾಲಿ ಬಿದ್ದಿದ್ದರೆ ಅವರನ್ನ ಕೇಳಿಲ್ಲ ಅಂತ ಅರ್ಥ. ಕೇಳಿ.

ಅಕ್ಕನ ಮನೆ, ತಂಗಿ ಮನೆ ಹತ್ತಿರ ಅಂತ ಬಡಾವಣೆ ಆರಿಸುವವರನ್ನ ನೋಡಿ ಬ್ರೋಕರುಗಳು ನಗುತ್ತಾರೆ. ನನಗೆ ಅದು ಬಹಳ ಗಟ್ಟಿ ಕಾರಣ. ಜ್ವರ ಬಂದು ಮಲಗಿದ ದಿನ ಗಂಜಿ ತರೋದು ಸರ್ಕಾರ ಗೊತ್ತುಮಾಡಿದ ಗೈಡೆನ್ಸ್ ವ್ಯಾಲ್ಯೂ ಅಲ್ಲ. ಒಂದೇ ಬೀದಿ ಮಾತ್ರ ಬೇಡ, ಎರಡು ಬೀದಿ ಆಚೆ ಇರಲಿ. ಸಂಬಂಧವೂ ಉಳಿಯುತ್ತೆ.

ಎರಡು ಗೆರೆ ಎಳೆದರೆ ಊರು ಅರ್ಥವಾಗುತ್ತೆ

ಒಂದು ಗೆರೆ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಇನ್ನೊಂದು ರೈಲು ಹಳಿ. ಬಿ.ಎಚ್. ರಸ್ತೆಯ ಒಂದು ಮಗ್ಗುಲಿಗೆ ಚಿಕ್ಕಪೇಟೆ, ಮಂಡಿಪೇಟೆಯ ಹಳೇ ಊರು. ಇನ್ನೊಂದು ಮಗ್ಗುಲಿಗೆ, ರಸ್ತೆಗೂ ಹಳಿಗೂ ನಡುವೆ, ಅಶೋಕನಗರ, ಎಸ್.ಎಸ್.ಪುರಂ, ಎಸ್‌ಐಟಿ ಬಡಾವಣೆ. ಹಳಿ ದಾಟಿದರೆ ಉಪ್ಪಾರಹಳ್ಳಿ, ಶೆಟ್ಟಿಹಳ್ಳಿ, ಜಯನಗರ. ಮನೆ ನೋಡುವ ಮುಂಚೆ ನಿಮ್ಮ ಹಾಳೆಯಲ್ಲಿರುವ ಜಾಗಗಳು ಈ ಗೆರೆಗಳ ಯಾವ ಕಡೆ ಬೀಳುತ್ತವೆ ನೋಡಿ. ದಿನಕ್ಕೆ ನಾಲ್ಕು ಸಲ ಹಳಿ ದಾಟುವ ಮನೆಯವರು ಉಪ್ಪಾರಹಳ್ಳಿ ಮೇಲ್ಸೇತುವೆಯಲ್ಲೇ ಅರ್ಧ ಆಯಸ್ಸು ಕಳೆಯಬೇಕು. ಸ್ಕೂಲು, ಆಸ್ಪತ್ರೆ, ಅಂಗಡಿ ಎಲ್ಲ ಅದೇ ಕಡೆ ಇರುವವರಿಗೆ ಹಳಿ ಇದೆ ಅನ್ನೋದೂ ನೆನಪಿರಲ್ಲ. ದುಡ್ಡೂ ಉಳಿಯುತ್ತೆ.

ಎಸ್.ಎಸ್.ಪುರಂ, ಎಸ್‌ಐಟಿ ಸುತ್ತಮುತ್ತ ರೇಟು ಯಾಕೆ ಹಾಗಿದೆ ಅಂತ ಎಲ್ಲರೂ ಕೇಳುತ್ತಾರೆ. ಎಸ್‌ಐಟಿ ಅಂದರೆ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಶುರುವಾಯಿತು. ಅದರ ಸುತ್ತ ಮೇಷ್ಟ್ರುಗಳು, ಡಾಕ್ಟರುಗಳು, ಅಧಿಕಾರಿಗಳು ಮನೆ ಕಟ್ಟಿದರು, ನರ್ಸಿಂಗ್ ಹೋಮ್, ಅಂಗಡಿಗಳು ಬಂದವು. ಈಗ ನೀವು ಕೊಡುವ ಬೆಲೆಯಲ್ಲಿ ಒಂದು ಪಾಲು ಆ ಹೆಸರಿಗೆ, ಇನ್ನೊಂದು ಪಾಲು ಬಾಡಿಗೆಗೆ. ಮೇಲಿನ ಮಹಡಿಗೆ ಹುಡುಗರು ಸಿಗ್ತಾರೆ, ಇ.ಎಂ.ಐ. ಸ್ವಲ್ಪ ಹಗುರಾಗುತ್ತೆ. ಜೊತೆಗೆ ರಾತ್ರಿ ಹನ್ನೊಂದಕ್ಕೆ ಬೈಕುಗಳು, ಗೇಟಿನ ಮುಂದೆ ಯಾರದೋ ಕಾರು. ಬಾಡಿಗೆ ಬೇಡದವರು ಆ ಪಾಲಿನ ದುಡ್ಡನ್ನ ಸುಮ್ಮನೆ ಕೊಟ್ಟ ಹಾಗೆ.

ಹಳೇ ಪೇಟೆ ಕಡೆ ಅಂಗಡಿ ಇಟ್ಟುಕೊಂಡವರನ್ನು ಬಿಟ್ಟರೆ ಹೊಸದಾಗಿ ಮನೆ ಕೊಳ್ಳುವವರು ಕಮ್ಮಿ. ಕಾರು ಒಳಗೆ ಹೋಗಲ್ಲ, ಗೋಡೆಗೆ ಗೋಡೆ ಅಂಟಿದೆ, ಪತ್ರದಲ್ಲಿ ಹಕ್ಕುದಾರರ ಸಾಲು ಉದ್ದ. ಕುಣಿಗಲ್ ರಸ್ತೆ, ಮರಳೂರು ಕಡೆ ಹೊಸ ಲೇಔಟುಗಳು, ಅಗಲ ರಸ್ತೆಗಳು, ಇನ್ನೂ ಖಾಲಿ ಸೈಟುಗಳು. ಪಕ್ಕದ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಬೆಳೆದು ಹಾವು ಕಾಣಿಸಿಕೊಳ್ಳೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಕ್ಯಾತ್ಸಂದ್ರದ ಕಡೆ ನೋಡುವವರು ಶಿವರಾತ್ರಿ ಹೊತ್ತಿಗೆ ಒಂದು ಸಲ ಹೋಗಿ ಬನ್ನಿ. ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ, ಆ ಜನ. ಕೆಲವರಿಗೆ ಅದೇ ಭಾಗ್ಯ, ಕೆಲವರಿಗೆ ತಲೆನೋವು.

ಮನೆ ತೋರಿಸೋದು ಸಾಮಾನ್ಯವಾಗಿ ಭಾನುವಾರ. ಭಾನುವಾರ ತುಮಕೂರಿನ ಯಾವ ರಸ್ತೆಯಾದರೂ ಚೆನ್ನಾಗಿಯೇ ಇರುತ್ತೆ. ಇಷ್ಟವಾದ ಮನೆಯಿಂದ ಟೌನ್ ಹಾಲ್ ಸರ್ಕಲ್ಲಿಗೆ ಕೆಲಸದ ದಿನ ಬೆಳಗ್ಗೆ ಎಂಟೂವರೆಗೆ ಸ್ಕೂಟರಿನಲ್ಲಿ ಹೋಗಿ, ಸಂಜೆ ಆರೂವರೆಗೆ ವಾಪಸ್ ಬನ್ನಿ. ಹತ್ತಿರದಲ್ಲಿ ಕಲ್ಯಾಣ ಮಂಟಪ ಇದ್ದರೆ ಮುಹೂರ್ತದ ದಿನವೇ ಹೋಗಿ.

ನೀರು: "ಇದೆಯಾ?" ಅಂತ ಕೇಳಬೇಡಿ

ಇದೆ ಅಂತಲೇ ಎಲ್ಲರೂ ಹೇಳೋದು. ಊರಿಗೆ ಬರುವ ನೀರು ಹೇಮಾವತಿಯದು. ಹಾಸನ ಜಿಲ್ಲೆಯ ಗೊರೂರು ಜಲಾಶಯದಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿ, ಅಲ್ಲಿಂದ ಪಂಪ್ ಆಗಿ ನಗರಕ್ಕೆ. ನಾಲೆಯಲ್ಲಿ ನೀರು ನಿಂತರೆ ಕೆರೆಯಲ್ಲಿ ಇದ್ದಷ್ಟೇ. ಹಾಗಾಗಿ ಪ್ರಶ್ನೆ ಹೀಗಿರಲಿ: ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಎಷ್ಟು ಹೊತ್ತು? ರಾತ್ರಿಯೋ ಹಗಲೋ? ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ, ತಾನಾಗಿ ಬೀಳುತ್ತಾ, ಮೋಟಾರು ಹಾಕಿ ಎಳೆಯಬೇಕಾ? ಕೊನೇ ಪ್ರಶ್ನೆಗೆ ಸಿಗುವ ಉತ್ತರ ಒಂದೇ ಬಡಾವಣೆಯಲ್ಲಿ ಬೀದಿಯಿಂದ ಬೀದಿಗೆ ಬೇರೆ. ದಿಣ್ಣೆ ಮೇಲಿನ ಬೀದಿ, ಪೈಪಿನ ಕೊನೇ ಮನೆ ಇವಕ್ಕೆ ಪ್ರೆಷರ್ ಸಾಲಲ್ಲ. ಏಪ್ರಿಲ್, ಮೇನಲ್ಲಿ ಮನೆ ನೋಡಿದರೆ ಸುಳ್ಳು ಹೇಳೋದು ಕಷ್ಟ. ನವೆಂಬರಿನಲ್ಲಿ ಎಲ್ಲ ಮನೆಗೂ ನೀರಿರುತ್ತೆ.

ಮಾರುವವರನ್ನ ಕೇಳೋದಕ್ಕಿಂತ ಬೀದಿ ಕೊನೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿರುವ ಇಸ್ತ್ರಿಯವರನ್ನ ಕೇಳಿ. ಯಾವ ಮನೆ ಬಿಳಿ ಅಂಗಿ ಬೋರ್ ನೀರಿನಲ್ಲಿ ಒಗೆದು ಮಾಸಲಾಗಿ, ಬಿರುಸಾಗಿ ಬರುತ್ತೆ ಅನ್ನೋದು ಅವರಿಗೆ ಮುಟ್ಟಿದರೆ ಗೊತ್ತು. ಬೀದಿಗೆ ಟ್ಯಾಂಕರ್ ಯಾವಾಗ ಬರುತ್ತೆ, ಯಾರು ಖಾಲಿ ಮಾಡಿಕೊಂಡು ಹೋದರು, ಯಾಕೆ, ಅದೂ ಗೊತ್ತು. ನಾಲ್ಕು ಬಟ್ಟೆ ಇಸ್ತ್ರಿಗೆ ಕೊಟ್ಟು ನಿಂತುಕೊಂಡರೆ ಸಾಕು.

ಮನೆಯೊಳಗೆ ಹೋದಾಗ ಟೈಲ್ಸ್ ನೋಡೋದು ಬಿಟ್ಟು ಬಚ್ಚಲಿನ ನಲ್ಲಿ ನೋಡಿ. ಬುಡದಲ್ಲಿ ಸುಣ್ಣ ಹಚ್ಚಿದ ಹಾಗೆ ಬೆಳ್ಳಗೆ ಕಟ್ಟಿದ್ದರೆ ಬೋರ್ ನೀರು ಗಡಸು. ಗೀಸರು, ವಾಷಿಂಗ್ ಮಷೀನು ಎರಡಕ್ಕೂ ಆಯಸ್ಸು ಕಮ್ಮಿ. ಬೋರು ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತೆ ಕೇಳಿ. ಸಾವಿರ ಅಡಿ ದಾಟಿದ ಬೋರು ನಮ್ಮ ಜಿಲ್ಲೆಗೆ ಹೊಸದಲ್ಲ. ಹೊಸ ಲೇಔಟಾದರೆ ಯುಜಿಡಿ (ಒಳಚರಂಡಿ) ಸಂಪರ್ಕ ನಿಜಕ್ಕೂ ಕೊಟ್ಟಿದ್ದಾರಾ, ಬರೀ ಮ್ಯಾನ್‌ಹೋಲ್ ಮುಚ್ಚಳ ಕೂರಿಸಿದ್ದಾರಾ ಅಂತಲೂ.

ಹಳೇ ಪತ್ರದ ಚಕ್ಕುಬಂದಿ

ಇದು ನನ್ನ ಕಸುಬಿನ ಮಾತು, ಸ್ವಲ್ಪ ನಿಧಾನವಾಗಿ ಓದಿ.

ಕ್ರಯಪತ್ರದ ಕೊನೆಯಲ್ಲಿ ಷೆಡ್ಯೂಲ್ ಅಂತ ಇರುತ್ತೆ. ಅಲ್ಲಿ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ ಇಂಥದ್ದು, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಖಾಲಿ ಜಾಗ. ಕೊಳ್ಳುವವರು ತಮ್ಮ ಹೆಸರು, ಅಪ್ಪನ ಹೆಸರು ಸರಿಯಾಗಿದೆಯಾ ನೋಡಿ, ಇದನ್ನ ಓದದೆ ಸಹಿ ಹಾಕ್ತಾರೆ. ನೀವು ಮಾರುವವರ ಪತ್ರ ಒಂದನ್ನೇ ಅಲ್ಲ, ಅವರಿಗೆ ಮಾರಿದವರ ಪತ್ರ, ಅದಕ್ಕೂ ಹಿಂದಿನದು, ಹೀಗೆ ಮೂವತ್ತು ವರ್ಷದ ಮೂಲಪತ್ರಗಳನ್ನು ಕೇಳಿ. 2004ರಿಂದ ಈಚಿನ ಇ.ಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲೇ ಸಿಗುತ್ತೆ. ಅದರ ಹಿಂದಿನದಕ್ಕೆ ಕಚೇರಿಗೆ ಓಡಾಡಬೇಕು, ಓಡಾಡಿ. ಎಲ್ಲ ಬಂದ ಮೇಲೆ ನೆಲದ ಮೇಲೆ ಸಾಲಾಗಿ ಹರಡಿ, ಒಂದೊಂದರ ಚಕ್ಕುಬಂದಿಯನ್ನೂ ಒಂದರ ಕೆಳಗೊಂದು ಬರೆದುಕೊಳ್ಳಿ.

ಒಂದು ಮನೆಯ ಪತ್ರಗಳು ನನ್ನ ಮೇಜಿಗೆ ಬಂದಿದ್ದವು. ಇತ್ತೀಚಿನ ಪತ್ರದಲ್ಲಿ ದಕ್ಷಿಣಕ್ಕೆ ರಸ್ತೆ. ಅದರ ಹಿಂದಿನದರಲ್ಲಿ ದಕ್ಷಿಣಕ್ಕೆ ಖಾಲಿ ಜಾಗ. ಎಲ್ಲಕ್ಕಿಂತ ಹಳೆಯದು, ಸ್ಟಾಂಪ್ ಪೇಪರಿನ ಮೇಲೆ ಕೈಬರಹ, ಮಡಿಕೆಯಲ್ಲಿ ಹರಿದಿತ್ತು. ಅದರಲ್ಲಿ ಚೊಕ್ಕವಾಗಿ "ದಕ್ಷಿಣಕ್ಕೆ: ಹಳ್ಳ". ಮೂರು ಪತ್ರಗಳಲ್ಲಿ ಹಳ್ಳ ರಸ್ತೆಯಾಗಿಬಿಟ್ಟಿದೆ. ಪತ್ರದಲ್ಲಿ ಬದಲಾದರೂ ನೀರಿಗೆ ಯಾರೂ ನೋಟಿಸ್ ಕೊಟ್ಟಿರಲ್ಲ, ಜೋರು ಮಳೆಗೆ ಅದು ತನ್ನ ಹಳೇ ದಾರಿಯಲ್ಲೇ ಬರುತ್ತೆ. ಮಾರುವವರನ್ನ ಕೇಳಿದೆ. "ಒಂದೆರಡು ಸಲ ಬಂದಿತ್ತು ಮೇಡಂ, ಈಗೇನಿಲ್ಲ" ಅಂದರು. 2022ರ ಮಳೆಗಾಲದಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ಏನಾಗಿತ್ತು ಅಂತ ಕೇಳಿದ್ದಕ್ಕೆ ಫೋನ್ ಬಂದ ಹಾಗೆ ಮಾಡಿ ಎದ್ದು ಹೋದರು.

ಹಳ್ಳ, ಕಾಲುವೆ, ಕೆರೆ ಅಂಗಳ, ತೂಬು, ಖರಾಬು (ಸಾಗುವಳಿಗೆ ಬಾರದ ಜಾಗ), ಬಂಡಿದಾರಿ. ಹಳೇ ಪತ್ರದಲ್ಲಿ ಈ ಮಾತುಗಳಲ್ಲಿ ಯಾವುದು ಕಂಡರೂ ಅಲ್ಲಿಗೆ ನಿಲ್ಲಿಸಿ. ಸರ್ವೆ ಇಲಾಖೆಯ ದಿಶಾಂಕ್ ಆಪ್ ಫೋನಿಗೆ ಹಾಕಿಕೊಂಡು ಆ ಜಾಗದಲ್ಲೇ ನಿಂತು ತೆರೆಯಿರಿ. ಕಾಲ ಕೆಳಗಿನ ಸರ್ವೆ ನಂಬರು, ಪಕ್ಕದ ಸರ್ಕಾರಿ ಜಮೀನು, ಕೆರೆ, ಹಳ್ಳ ನಕ್ಷೆಯಲ್ಲಿ ಕಾಣುತ್ತೆ. ಬಿ ಖರಾಬು ಅಂದರೆ ಸಾರ್ವಜನಿಕರದ್ದು, ದಾರಿ, ಹಳ್ಳ, ಸ್ಮಶಾನದಂಥದ್ದು. ಅದನ್ನ ಮಾರುವ ಹಕ್ಕು ಯಾರಿಗೂ ಇಲ್ಲ. ಆಪು ಸುಮಾರಾಗಿ ತೋರಿಸುತ್ತೆ. ಅನುಮಾನ ಬಂದರೆ ಸರ್ವೆಯರ್ ಕರೆಸಿ ಅಳತೆ ಮಾಡಿಸಬೇಕು. ಅಮಾನಿಕೆರೆಯಾಗಲಿ ಮರಳೂರು ಕೆರೆಯಾಗಲಿ, ಕೆರೆ ಹತ್ತಿರದ ಮನೆ ಅಂದರೆ ಗಾಳಿ ಚೆನ್ನಾಗಿರುತ್ತೆ, ವಾಕಿಂಗಿಗೂ ಅನುಕೂಲ, ಒಪ್ಪಿದೆ. ನೀವು ನೋಡಬೇಕಾದ್ದು ಏರಿಯ ಮೇಲಿನ ಬೆಂಚನ್ನಲ್ಲ, ಕೋಡಿ ನೀರು ಹೋಗುವ ದಾರಿಯನ್ನು.

ಪತ್ರ ಓದಲು ಬರದವರಿಗೆ ಇನ್ನೊಂದು ಗುರುತು ಇದೆ. ಬೀದಿಯ ಮನೆಗಳ ಗೇಟಿನ ಬುಡ ನೋಡಿಕೊಂಡು ನಡೆಯಿರಿ. ಬಾಗಿಲಿಗೆ ಅಡ್ಡವಾಗಿ ಅರ್ಧ ಅಡಿ ಇಟ್ಟಿಗೆ ಕಟ್ಟೆ ಆಮೇಲೆ ಕಟ್ಟಿದ್ದಾರಾ? ಕಾಂಪೌಂಡಿಗೆ ಬಣ್ಣ ಹೊಸದಾಗಿದ್ದು, ಕೆಳಗೆ ಎರಡಡಿ ಮಾತ್ರ ಟೈಲ್ಸ್ ಅಂಟಿಸಿದ್ದಾರಾ? ಹಳೇ ಮನೆಗಳಿಗಿಂತ ಹೊಸ ಮನೆಗಳ ಪಾಯ ಬಹಳ ಎತ್ತರವಾ? ಅಲ್ಲಿ ನೀರು ಬಂದು ಹೋಗಿದೆ.

ಕಾಗದ, ಬೆಲೆ, ಗಾಳಿಮಾತು

ಕಾಗದದ್ದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಭೂ ಪರಿವರ್ತನೆ ಆದೇಶ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಲೇಔಟ್ ನಕ್ಷೆ, ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಕಂಪ್ಯೂಟರ್ ದಾಖಲೆ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗಲ್ಲ. ಇ-ಖಾತಾ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ, ಅದು ಎ ಖಾತೆಯೋ (ಕಾಗದ ಕ್ರಮವಾಗಿರುವ ಆಸ್ತಿಗೆ) ಬಿ ಖಾತೆಯೋ (ಅನುಮೋದನೆ ಇಲ್ಲದ ಆಸ್ತಿಗೆ) ನೋಡಿ. ಬಿ ಖಾತೆಗೆ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತೆ. ಹೊಸ ಲೇಔಟು 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಅನುಮೋದಿತ ನಕ್ಷೆಯಲ್ಲಿ ಪಾರ್ಕು ಅಂತ ಹಸಿರು ಬಣ್ಣ ಹಾಕಿದ ಜಾಗಕ್ಕೆ ನೀವೇ ಹೋಗಿ ನಿಂತು ನೋಡಿ. ಪಾರ್ಕೇ ಇದೆಯಾ, ಯಾರದೋ ಷೆಡ್ ಎದ್ದಿದೆಯಾ ಗೊತ್ತಾಗುತ್ತೆ. ಇನ್ನೊಂದು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಸ್ಟಾಂಪ್ ಡ್ಯೂಟಿ ಬೇರೆ. ಬೆಲೆ ಮಾತಾಡುವಾಗಲೇ ಇದನ್ನ ಸೇರಿಸಿ ಲೆಕ್ಕ ಹಾಕಿಕೊಳ್ಳಿ, ಕೊನೇ ವಾರದಲ್ಲಿ ಕೈಸಾಲಕ್ಕೆ ಓಡುವವರು ಬಹಳ.

"ಮುಂದೆ ಬೆಳೆಯುತ್ತೆ" ಅನ್ನೋದರ ಬಗ್ಗೆ. ಗುಬ್ಬಿ ರಸ್ತೆ ಕಡೆ ಸೈಟು ಮಾರುವವರು ಎಚ್‌ಎಎಲ್ ಹೆಸರು ಹೇಳುತ್ತಾರೆ. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯದು, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ಸುಳ್ಳೇನಲ್ಲ. ಶಿರಾ ರಸ್ತೆ ಕಡೆಯವರು ವಸಂತನರಸಾಪುರದ ಕೈಗಾರಿಕಾ ಪ್ರದೇಶ ತೋರಿಸುತ್ತಾರೆ, ಅದೂ ಕಣ್ಣಿಗೆ ಕಾಣುವಂಥದ್ದೇ. ಬೆಂಗಳೂರು ದಿಕ್ಕಿನವರು "ಮೆಟ್ರೊ ಬರುತ್ತೆ ಸಾರ್" ಅನ್ನುತ್ತಾರೆ. ಹಸಿರು ಮಾರ್ಗ ಮಾದಾವರದವರೆಗೆ ಬಂದದ್ದು 2024ರ ನವೆಂಬರಿನಲ್ಲಿ. ಅಲ್ಲಿಂದ ತುಮಕೂರಿಗೆ ಬರುವ ಮಾತು ಕಾಗದದ ಮೇಲಿದೆ, ಕಾಗದದ ಮೇಲಿನ ರೈಲಿಗೆ ಇವತ್ತಿನ ದುಡ್ಡು ಕೊಡಬೇಡಿ. ಆ ಕಾರ್ಖಾನೆಯಲ್ಲೇ ಕೆಲಸ ಸಿಕ್ಕವರಿಗೆ ಗುಬ್ಬಿ ಗೇಟ್ ಸರಿ. ಬರೀ ರೇಟು ಏರಲಿ ಅಂತ ಕೊಳ್ಳುವವರು ಸೈಟು ಕೊಂಡು ಬೇಲಿ ಹಾಕಲಿ. ಆದರೆ ಅದೇ ಕಾರಣಕ್ಕೆ ಹೆಂಡತಿ ಮಕ್ಕಳನ್ನ ದೀಪವಿಲ್ಲದ ಬೀದಿಗೆ ಕರೆದುಕೊಂಡು ಹೋಗಿ ಕೂರಿಸೋದು ನನಗೆ ಒಪ್ಪಿಗೆಯಿಲ್ಲ.

ದಿಕ್ಕಿನ ವಿಷಯ. ಪೂರ್ವದ ಬಾಗಿಲು, ಉತ್ತರದ ಬಾಗಿಲಿಗೆ ಬೇಡಿಕೆ ಜಾಸ್ತಿ. ದಕ್ಷಿಣದ ಬಾಗಿಲಿನ ಮನೆ ಅದೇ ಬೀದಿಯಲ್ಲಿ ಕಮ್ಮಿಗೆ ಸಿಗುತ್ತೆ. ನಂಬಿಕೆ ಇಲ್ಲದವರಿಗೆ ಲಾಭ, ನಾಳೆ ಮಾರುವಾಗ ಆ ಕಮ್ಮಿ ನಿಮ್ಮ ತಲೆಗೇ ಬರುತ್ತೆ ಅನ್ನೋದು ನೆನಪಿರಲಿ. ಮನೆಯಲ್ಲಿ ಅತ್ತೆಯವರಿಗೆ ನಂಬಿಕೆ ಇದ್ದು ನಿಮಗಿಲ್ಲದಿದ್ದರೆ ಅವರ ಮಾತೇ ನಡೆಯಲಿ. ಜ್ವರ ಬಂದರೂ, ಮಗ ಫೇಲಾದರೂ ಬಾಗಿಲಿನ ಕಡೆ ಕೈ ತೋರಿಸುವ ಮನೆಯಲ್ಲಿ ಇರೋದು ಕಷ್ಟ.

ಕೊನೆಗೆ, ಯಾರೂ ಗಟ್ಟಿಯಾಗಿ ಹೇಳದ ಕಾರಣ ಒಂದಿದೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಮೇಡಂ, ಆ ಬೀದೀಲಿ ಯಾವ ಜನ?" ಅಂತ ಕೇಳುತ್ತಾರೆ. ಬಡಾವಣೆ ಆರಿಸುವಾಗ ಇದು ಎಷ್ಟು ಕೆಲಸ ಮಾಡುತ್ತೆ ಅಂತ ಊರಿಗೆಲ್ಲ ಗೊತ್ತು. ನಾನು ಉತ್ತರ ಕೊಡಲ್ಲ. ನೀವು ಬೀಗ ಹಾಕಿ ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವವರು ಯಾರು ಅಂತ ಕೇಳಿ, ಅದಕ್ಕೆ ಬೇಕಾದರೆ ಹುಡುಕಿ ಹೇಳುತ್ತೇನೆ ಅನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಬೇರೆ ಬರಹಗಾರರ ಹತ್ತಿರ ಹೋಗುತ್ತಾರೆ. ಹೋಗಲಿ.

ಬೀದಿ, ನೀರು, ಚಕ್ಕುಬಂದಿ ಮೂರೂ ಒಪ್ಪಿಗೆಯಾದ ಮೇಲೆ ಕರಾರಿಗೆ ಬನ್ನಿ. ಟೋಕನ್ ಅಂತ ಕೈಗೆ ನಗದು ಕೊಡಬೇಡಿ, ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹೋಗಲಿ. ನಲ್ಲಿ ಸಂಪರ್ಕದ ನಂಬರು, ಬೆಸ್ಕಾಂ ಆರ್.ಆರ್. ನಂಬರು (ಕರೆಂಟ್ ಸಂಪರ್ಕದ್ದು), ಯುಜಿಡಿ ಸಂಪರ್ಕ, ಬೋರಿನಲ್ಲಿ ಪಾಲಿದ್ದರೆ ಎಷ್ಟು ಪಾಲು, ಕಂದಾಯ ಮತ್ತು ನೀರಿನ ಬಾಕಿ ಯಾರು ಕಟ್ಟಬೇಕು, ಎಲ್ಲ ಕರಾರಿನಲ್ಲೇ ಬರೆಸಿ. ಕಾಗದದಲ್ಲಿ ದೋಷ ಕಂಡುಬಂದರೆ ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಅನ್ನೋದೂ ಇರಲಿ. ಬರೆಯುವವರು "ಇದೆಲ್ಲ ಯಾಕೆ, ಮಾಮೂಲಿ ಫಾರ್ಮ್ಯಾಟ್ ಇದೆಯಲ್ಲ" ಅಂದರೆ ಆ ಫಾರ್ಮ್ಯಾಟಿನ ಒಂದು ಪ್ರಿಂಟ್ ತಗೊಂಡು ಮನೆಗೆ ಹೋಗಿ, ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಒಂದು ಸಲ ಗಟ್ಟಿಯಾಗಿ ಓದಿ, ಸಹಿಗೆ ಮಾರನೇ ದಿನ ಬನ್ನಿ.